ಬರಗಾಲಪ್ಪನ ಕೊಳ

ಫೋಟೋ ಸ್ಟುಡಿಯೋಗೆ ಹಿನ್ನೆಲೆಯ ಪರದೆ ಬರೆಯುತ್ತಿದ್ದ ಆ ಮುದುಕನನ್ನು ಎಲ್ಲರೂ ಬರಗಾಲಪ್ಪ ಎಂದೇ ಕರೆಯುತ್ತಿದ್ದರು. ಬೆಟ್ಟ ಬರೆಯುವನು, ಕಾಡು ಬರೆಯುವನು, ಒಂದು ಹನಿ ನೀರು ಮಾತ್ರ ಬರೆಯಲೊಲ್ಲ. ಮಕ್ಕಳನ್ನು ಕ್ಯಾಮೆರಾ ಮುಂದೆ ಅಲುಗಾಡದಂತೆ ಕೂರಿಸಲು ಅವನು ಹೇಳುತ್ತಿದ್ದ ಕಥೆಗಳಲ್ಲೂ ಪಾಪದ ನರಿ ಬಾಯಾರಿಕೊಂಡೇ ಮನೆಗೆ ಮರಳುತ್ತಿತ್ತು.

ಕಾರಣ ಹೆಂಡತಿಯೊಬ್ಬಳಿಗೆ ಗೊತ್ತಿತ್ತು. ಅವನ ಅಕ್ಕ ಎಂಟು ವರ್ಷದವಳಿದ್ದಾಗ ಕಲ್ಲುಗೋಡೆಯ ಕೊಳಕ್ಕೆ ಜಾರಿ ಬಿದ್ದಿದ್ದಳು. ಹತ್ತಲು ಒಂದು ಮೆಟ್ಟಿಲೂ ಇರಲಿಲ್ಲ. ಅಂಚು ಹಿಡಿದಿದ್ದ ಅವಳ ಬೆರಳು ಜಾರಿದ್ದನ್ನು ಐದು ವರ್ಷದ ಅವನು ಮೇಲೆ ನಿಂತು ನೋಡಿದ್ದ.

ಸ್ಟುಡಿಯೋಗೆ ಬಂದ ಹೊಸ ಮಾಲೀಕ ಹಟ ಹಿಡಿದ. "ಅಜ್ಜಾ, ಈ ಸಲ ಕೊಳ ಬೇಕು. ನಿಮ್ಮಿಂದ ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಮುದುಕ ಒಲ್ಲದ ಮನಸ್ಸಿನಿಂದ ಕುಂಚ ಹಿಡಿದ. ಕೈ ತಾನಾಗಿಯೇ ಆ ಹಳೆಯ ಕೊಳವನ್ನೇ ಬರೆಯಿತು. ಮುಂದೆ ಕಲ್ಲಿನ ಅಂಚು, ಹಿಂದೆಲ್ಲ ಕಪ್ಪು ನೀರು. ಮೆಟ್ಟಿಲಿಲ್ಲ.

ಸ್ವಲ್ಪ ದಿನಕ್ಕೇ ಗಿರಾಕಿಗಳ ಗೊಣಗಾಟ ಶುರುವಾಯಿತು. ಪರದೆ ಮುಂದೆ ನಿಂತವರ ಬಟ್ಟೆಯಂಚೆಲ್ಲ ಒದ್ದೆ. ಮಾಲೀಕ ಸೂರು, ಗೋಡೆ ಎಲ್ಲ ತಡಕಿದ, ಎಲ್ಲೂ ಸೋರುತ್ತಿರಲಿಲ್ಲ. ಆಮೇಲೆ ಮದುಮಕ್ಕಳ ಫೋಟೋವೊಂದನ್ನು ತಂದು ಮುದುಕನ ಮುಂದೆ ಹಿಡಿದ. ಅವರ ಕಾಲ ಬಳಿ, ಕಲ್ಲಿನ ಅಂಚನ್ನು ನಾಲ್ಕು ಪುಟ್ಟ ಬೆರಳುಗಳು ಬಿಗಿಯಾಗಿ ಹಿಡಿದಿದ್ದವು.

"ತಮಾಷೆನಾ ಅಜ್ಜಾ ಇದು? ಈ ಬೆರಳು ಅಳಿಸಿಬಿಡಿ."

ಅಜ್ಜ ಬೆರಳು ಬರೆದೇ ಇರಲಿಲ್ಲ. ಪರದೆಯ ಮೇಲೆ ಹುಡುಕಿದರೂ ಅವು ಇರಲಿಲ್ಲ. ಫೋಟೋದಲ್ಲಿ ಕಿರುಬೆರಳ ಉಗುರು ಅರ್ಧ ಮುರಿದಿತ್ತು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿಸಿ ಅಕ್ಕನ ಆ ಉಗುರು ಮುರಿದವನು ಇವನೇ.

ಎದ್ದುಬಿದ್ದು ಓಡಬೇಕೆನಿಸಿತು. ಆದರೆ ಈ ಸಲವೂ ಮೇಲೆ ನಿಂತು ನೋಡುತ್ತಿರುವುದು ಅವನಿಂದಾಗಲಿಲ್ಲ.

ಮಾಲೀಕ ಊಟಕ್ಕೆ ಹೋದದ್ದೇ ತಡ, ಬಾಗಿಲು ಹಾಕಿಕೊಂಡು, ಪರದೆಯ ಮೇಲೆ ನೀರಿನಿಂದ ಅಂಚಿನವರೆಗೆ ಮೂರು ಮೆಟ್ಟಿಲು ಬರೆದ. ಬಣ್ಣ ಒಣಗಲೆಂದು ಮೂಲೆಯ ಸ್ಟೂಲಿನ ಮೇಲೆ ಕೂತ. ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆಯುತ್ತಿದ್ದರು.

ಕೆಳಗಿನ ಮೆಟ್ಟಿಲ ಹಸಿ ಬಣ್ಣದಲ್ಲಿ ಪುಟ್ಟ ಪಾದವೊಂದು ಮೂಡಿತು. ಆಮೇಲೆ ಅದರ ಮೇಲಿನದರಲ್ಲಿ. ಆಮೇಲೆ ಕೊನೆಯದರಲ್ಲಿ. ಅಲ್ಲಿಂದ ಮುಂದೆ ಸ್ಟುಡಿಯೋದ ನೆಲದ ಮೇಲೆ ಒದ್ದೆ ಹೆಜ್ಜೆಗಳು ನೇರ ಅವನತ್ತಲೇ ಬಂದವು.

"ಅಕ್ಕಾ," ಎಂದ ಎಪ್ಪತ್ತು ದಾಟಿದ ಮುದುಕ. ತಣ್ಣನೆಯ ಸಣ್ಣ ಕೈಯೊಂದು ಅವನ ನರೆತ ತಲೆ ಸವರಿತು.

"ಎಷ್ಟು ಹೊತ್ತು ಮಾಡಿದ್ಯೋ," ಎಂದಿತು ಹುಡುಗಿಯ ದನಿ. "ಹಿಡ್ಕೊಂಡು ಹಿಡ್ಕೊಂಡು ಕೈ ಸೋತುಹೋಯ್ತು ಕಣೋ."