ಕನ್ನಡಿಯಂಥ ನೀರು

ಘಟಕದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಗಾಳಿರಾಯ ಎಂದು. ಊರಿನ ಕೊಳಚೆ ತೊಳೆಯುವ ಆ ಮುದಿ ಘಟಕದಲ್ಲಿ ತೊಟ್ಟಿಗಳಿಗೆ ಗಾಳಿ ಊದುವ ಯಂತ್ರ ಅವನ ಪಾಲಿನದು. ಇದ್ದ ಎರಡು ಯಂತ್ರಗಳಲ್ಲಿ ಒಂದು ಎಂದೋ ಕಣ್ಣು ಮುಚ್ಚಿತ್ತು. ಇನ್ನೊಂದು ದಮ್ಮಿನ ರೋಗಿಯ ಹಾಗೆ ಏದುಸಿರು ಬಿಡುತ್ತಿತ್ತು. ಹೊಸದು ತರಿಸಿ ಎಂದರೆ ಕೇಳುವವರು ಯಾರು? ಬೆಲ್ಟು ಬಿಗಿದು, ಬೈದು, ಒಮ್ಮೊಮ್ಮೆ ಒದ್ದೂ ಅದನ್ನು ಓಡಿಸುತ್ತಿದ್ದ. ತೊಟ್ಟಿಯ ಕೆಸರಿನಲ್ಲಿ ಕಣ್ಣಿಗೆ ಕಾಣದ ಹುಳಗಳಿರುತ್ತವೆ. ನೀರಿನ ಅಮೋನಿಯಾ ತಿನ್ನುವುದು ಅವೇ. ಗಾಳಿ ನಿಂತರೆ ಅವು ಸಾಯುತ್ತವೆ, ಅಮೋನಿಯಾ ಮಿತಿ ಮೀರುತ್ತದೆ, ಮೇಲಿನಿಂದ ನೋಟಿಸು ಇಳಿಯುತ್ತದೆ.

ನೋಟಿಸಿಗೆ ಅವನು ಸೊಪ್ಪು ಹಾಕುವವನಲ್ಲ. ಅವನ ಚಿಂತೆ ಹೆಂಡತಿಯ ತಮ್ಮನದು. ಘಟಕದ ನೀರು ಹರಿಯುವ ಕಾಲುವೆಯ ಕೆಳಗೆ ಆ ಹುಡುಗ ಹೊಂಡ ತೋಡಿ ಮೀನು ಸಾಕಿದ್ದ. ಅಮೋನಿಯಾ ಹೆಚ್ಚಾದ ನೀರಿನಲ್ಲಿ ಮೀನು ಬದುಕುವುದಿಲ್ಲ. ಹೊಂಡಕ್ಕೆ ನೀರು ತಿರುಗಿಸುವ ಮುಂಚೆ ತಪ್ಪದೆ ಫೋನ್ ಮಾಡುತ್ತಿದ್ದ.

"ಭಾವ, ಬಿಡ್ಲಾ?"

ಗಾಳಿರಾಯ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಅಮೋನಿಯಾ ತೋರಿಸುವ ಮದ್ದು ಹನಿಸುವನು. ಬಣ್ಣ ತೆಳು ಹಳದಿಗೆ ತಿರುಗಿದರೆ "ಬಿಡು", ಗಾಢವಾದರೆ "ತಡಿ". ಅಷ್ಟೇ ಮಾತು. ಅದರ ಮೇಲೆ ಒಂದು ಸಂಸಾರ ನಿಂತಿತ್ತು.

ಒಮ್ಮೆ ದೊಡ್ಡವರು ನೋಡಲು ಬರುತ್ತಾರೆಂದಾಯಿತು. "ನೊರೆ ಕಾಣ್ಬಾರ್ದು, ಒಂಚೂರು ಕೆಸರು ತೆಗ್ಸಿ" ಎಂದರು ಇಂಜಿನಿಯರು. ಹಿಂದಿನ ಸಲ ಬಂದವನೊಬ್ಬ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಇಲ್ಲಿ ಮನುಷ್ಯರು ಕೆಲ್ಸ ಮಾಡ್ತಾರಾ?" ಎಂದಿದ್ದ. ಆ ಮಾತು ಗಾಳಿರಾಯನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದಿತ್ತು. ಈ ಸಲ ತೋರಿಸ್ತೀನಿ ನನ್ಮಕ್ಕಳಿಗೆ ಎಂದು ವಾರವೆಲ್ಲ ಪಂಪು ಹಾಕಿ ಕೆಸರನ್ನು ಬಳಿದು ಹೊರಗೆ ದಬ್ಬಿದ. ನೊರೆ ಹೋಯಿತು, ನಾತ ಇಳಿಯಿತು. ನೀರು ಕನ್ನಡಿಯಾಯಿತು.

ಬಂದವರು ಬಾಟಲಿಯಲ್ಲಿ ನೀರು ತುಂಬಿಕೊಂಡು, "ಭೇಷ್" ಎಂದು ಅವನ ಬೆನ್ನು ತಟ್ಟಿದರು. ಅದೇ ಹೊತ್ತಿಗೆ ಫೋನ್ ಬಂತು.

"ಭಾವ, ಬಿಡ್ಲಾ?"

"ಬಿಡೋ ಮಾರಾಯ! ಮುಖ ನೋಡ್ಕೊಂಡು ಗಡ್ಡ ಹೆರೀಬಹುದು, ಹಂಗಿದೆ!"

ನಳಿಗೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹೊಂಡದ ತುಂಬ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬಿಸಿಲೇರುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲಿದವು. ಓಡಿ ಬಂದ ಗಾಳಿರಾಯನಿಗೆ ಭಾವಮೈದುನ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು.

"ನಿಮ್ಮನ್ನ ಕೇಳೇ ಬಿಟ್ಟಿದ್ದು ತಾನೇ, ಭಾವ?" ಎಂದ, ಅಷ್ಟೇ.

ಘಟಕಕ್ಕೆ ಹೋಗಿ ನಳಿಗೆಗೆ ಮದ್ದು ಹನಿಸಿದರೆ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತು. ಕೆಸರಿನ ಜೊತೆಗೆ ಹುಳಗಳನ್ನೂ ಅವನೇ ಕೈಯಾರೆ ಹೊರಗೆ ದಬ್ಬಿದ್ದ.

ಬಾಟಲಿಯ ನೀರಿನ ಪರೀಕ್ಷೆಯಾಗಿ, ಬೆನ್ನು ತಟ್ಟಿದವರಿಂದಲೇ ನೋಟಿಸು ಬಂತು. ಇಂಜಿನಿಯರ ಕಾಲು ಹಿಡಿದು ಬೇರೆ ಘಟಕದಿಂದ ಟ್ಯಾಂಕರಿನಲ್ಲಿ ಕೆಸರು ತರಿಸಿ ತೊಟ್ಟಿಗೆ ಸುರಿಸಿದ. ಆದರೆ ಆ ಹುಳಗಳು ಹೊಡೆದರೆ ಓಡುವ ಎತ್ತುಗಳಲ್ಲ. ಅದೂ ಚಳಿಗಾಲ, ಬೆಳೆಯುವುದೇ ಇಲ್ಲವೆಂದು ಹಟ ಹಿಡಿದಂತಿದ್ದವು. ಗಾಳಿರಾಯ ಯಂತ್ರದ ಪಕ್ಕದಲ್ಲೇ ಬಿದ್ದುಕೊಂಡ. ಮನೆಗೆ ಹೋದರೆ ಹೆಂಡತಿ ತಟ್ಟೆ ಇಟ್ಟು ಒಳಗೆ ಹೋಗುವಳು. ಹಿಂದೆಲ್ಲ ಅವನ ಬಟ್ಟೆಯ ನಾತಕ್ಕೆ ದಿನಾ ಜಗಳ ತೆಗೆಯುತ್ತಿದ್ದವಳು ಈಗ ಅದಕ್ಕೂ ಬಾಯಿ ಬಿಡುತ್ತಿರಲಿಲ್ಲ.

ಚಳಿ ಮುರಿದ ಮೇಲೆ ಒಂದು ಬೆಳಿಗ್ಗೆ ನಳಿಗೆಯ ಬಣ್ಣ ತೆಳು ಹಳದಿಗೆ ನಿಂತಿತು. ನಂಬಿಕೆಯಾಗದೆ ಇನ್ನೊಂದು ಸಲ ಮಾಡಿದ. ಮತ್ತೆ ಅದೇ ಬಣ್ಣ. ಎಂದೂ ಮಾಡದ ಫೋನನ್ನು ತಾನೇ ಮಾಡಿದ.

"ಬಿಡ್ಬಹುದು ಕಣೋ. ಎರಡು ಸಲ ನೋಡ್ದೆ. ಈಗ ಬಿಡು."



"ಎಲ್ಲಿಗೆ ಬಿಡ್ಲಿ, ಭಾವ? ಹೊಂಡಕ್ಕೆ ಮಣ್ಣು ಹಾಕಿಸಿ ಆಗ್ಲೇ ಎಷ್ಟು ದಿನ ಆಯ್ತು. ಅಕ್ಕ ಹೇಳ್ಲಿಲ್ವಾ?"

ಅಕ್ಕ ಹೇಳಿರಲಿಲ್ಲ.