ಆಕೆಯನ್ನೂ ಒಂದು ಮಾತು ಕೇಳಿ

ಅಕ್ಷರ ಕಲಿಸಿದ ಗುರುಗಳಿಗೂ, ಕಲಿತದ್ದು ಮರೆಯದಂತೆ ಕಾಯ್ದ ಭಗವಂತನಿಗೂ, ನರೆತ ತಲೆಯ ಮೇಲೆ ಮತ್ತೊಮ್ಮೆ ವಿದ್ಯಾರ್ಥಿಯಾಗುವ ಭಾಗ್ಯವನ್ನು ಕರುಣಿಸಿದ ಕಾಲಕ್ಕೂ ಮೊದಲು ಕೈಮುಗಿಯುತ್ತೇನೆ. ಯಾರ ಸಹವಾಸದಿಂದ ಆ ವಿದ್ಯೆಗೆ ಅರ್ಥ ಬಂದಿತೋ ಆ ತಾಯಿಗೂ ಇದೇ ನಮಸ್ಕಾರ ಸಲ್ಲಲಿ.

ಮೊನ್ನೆ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ರಕ್ತ ತೆಗೆಯಲು ಮನೆಗೆ ಬಂದ ಹೆಣ್ಣುಮಗಳು ನನ್ನ ತೋಳಿನ ಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಉಜ್ಜಿದಳು. ಮೂಗಿಗೇರುವ ಆ ವಾಸನೆ ಬಂದದ್ದೇ ತಡ, ಹಾಸನದ ಕಾಲೇಜೊಂದರ ಮಹಡಿಯ ಕೊಠಡಿ, ಭಾನುವಾರದ ಬೆಳಗು, ಪಕ್ಕದ ಬೆಂಚಿನಲ್ಲಿ ಸೆರಗನ್ನು ಬಿಗಿಯಾಗಿ ಸಿಕ್ಕಿಸಿ ಕುಳಿತ ಒಬ್ಬ ಗಟ್ಟಿಗಿತ್ತಿ... ಎಲ್ಲವೂ ಎದುರಿಗೆ ಬಂದು ನಿಂತವು. ಆಕೆ ಅರಕಲಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಹಿರಿಯ ದಾದಿ. ಪಾಳಿ ಮುಗಿಸಿ ನೇರವಾಗಿ ಬಸ್ಸು ಹತ್ತಿ ತರಗತಿಗೆ ಬರುತ್ತಿದ್ದುದರಿಂದ ಆಕೆಯ ಕೈಗಳಲ್ಲಿ ಆ ವಾಸನೆ ಸದಾ ಇರುತ್ತಿತ್ತು. ನಾವೆಲ್ಲರೂ ಆಕೆಯನ್ನು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದೆವು.

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳವು. ಹೊಳೆನರಸೀಪುರದ ಪ್ರೌಢಶಾಲೆಯಲ್ಲಿ ಸಂಸ್ಕೃತ ಬೋಧಿಸಿ ನಿವೃತ್ತನಾಗಿದ್ದ ನಾನು, ಪತ್ರಿಕೆಯಲ್ಲಿ ಪ್ರಕಟಣೆಯನ್ನು ಕಂಡು, ವಿಶ್ವವಿದ್ಯಾಲಯವೊಂದರ ಅಂಚೆ ಶಿಕ್ಷಣ ವಿಭಾಗದಲ್ಲಿ ಅನ್ವಯಿಕ ನೀತಿಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿದ್ದೆ. ಧರ್ಮಶಾಸ್ತ್ರವನ್ನು ಗುರುಮುಖದಿಂದ ಓದಿದವನಿಗೆ, ಆಸ್ಪತ್ರೆ ಕಚೇರಿ ಕಾರ್ಖಾನೆಗಳಲ್ಲಿ ಎದುರಾಗುವ ಧರ್ಮಸಂಕಟಗಳನ್ನು ಈ ಕಾಲದ ವಿದ್ವಾಂಸರು ಹೇಗೆ ಬಿಡಿಸುತ್ತಾರೆಂದು ತಿಳಿಯುವ ಆಸೆ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಸಂಪರ್ಕ ತರಗತಿಗಳು ಕೆಲವು ಭಾನುವಾರಗಳಂದು ಹಾಸನದಲ್ಲಿ ನಡೆಯುತ್ತಿದ್ದವು.

ಮೊದಲ ತರಗತಿಯಲ್ಲಿಯೇ ಅಧ್ಯಾಪಕರು, ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ ಎಂದು ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಕೆಲವರು ಬಡ್ತಿಗೆ ಎಂದರು, ಕೆಲವರು ಜ್ಞಾನಾರ್ಜನೆಗೆ ಎಂದರು. ಸಿಸ್ಟರಮ್ಮ ಎದ್ದು ನಿಂತು, "ನಮ್ ಆಸ್ಪತ್ರೇಲಿ ಆಪರೇಷನ್ ಮಾಡುಸ್ಕೊಳೋರ್ನ ಬಿಟ್ಟು ಮಿಕ್ಕೋರ್ನೆಲ್ಲ ಕೇಳ್ತಾರೆ ಸಾ. ಅದು ಸರೀನಾ ಅಂತ ತಿಳ್ಕೊಳಾಣ ಅಂತ ಬಂದೆ" ಎಂದರು. ತರಗತಿ ನಕ್ಕಿತು. ಅಧ್ಯಾಪಕರು ಮಾತ್ರ ನಗಲಿಲ್ಲ.

ಆ ಮಾತಿನ ಹಿಂದೆ ನಮ್ಮ ಸೀಮೆಯ ಒಂದು ಪದ್ಧತಿಯಿತ್ತು. ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ಹಿರಿಯರು ಮೊದಲು ಮನೆದೇವರಲ್ಲಿ ಹೂ ಕೇಳುತ್ತಿದ್ದರು. ಅರ್ಚಕರು ನೀರಿನಲ್ಲಿ ನೆನೆಸಿದ ಹೂಗಳನ್ನು ವಿಗ್ರಹದ ಎರಡು ಭುಜಗಳಿಗೂ ಅಂಟಿಸುವರು; ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಆ ಬಳಿಕ ವೈದ್ಯರನ್ನು ಕೇಳಿ ದಿನ ಗೊತ್ತುಮಾಡುವರು. ಹೆಂಗಸಾದರೆ ಗಂಡ ಸಹಿ ಹಾಕುವನು. ಆಕೆಯನ್ನು ಮಾತ್ರ... ಯಾರೂ ಕೇಳುತ್ತಿರಲಿಲ್ಲ.

ಡಿಪ್ಲೊಮಾದ ಕೊನೆಯ ಭಾಗವಾಗಿ ಪ್ರತಿಯೊಬ್ಬರೂ ತಾವು ದುಡಿಯುವ, ಇಲ್ಲವೇ ಹಿಂದೆ ದುಡಿದ ಕಡೆ ಒಂದು ರೂಢಿಯನ್ನು ಆರಿಸಿ, ಅದನ್ನು ತಿದ್ದಲು ಯತ್ನಿಸಿ, ಆದದ್ದನ್ನು ಬರೆದೊಪ್ಪಿಸಬೇಕಿತ್ತು. ಯಾವ ಹೆಂಗಸನ್ನೂ ಒಬ್ಬಳನ್ನೇ ಕೂರಿಸಿಕೊಂಡು ಆಕೆಯ ಮನಸ್ಸನ್ನು ಕೇಳದೆ ಆಪರೇಷನ್ ಕೊಠಡಿಗೆ ಕರೆದೊಯ್ಯಬಾರದು ಎಂಬುದು ಸಿಸ್ಟರಮ್ಮನ ಸಂಕಲ್ಪ. ಅವರ ವೈದ್ಯರು, "ನಿಮ್ಮ ಕೋರ್ಸು ಹಾಸನದಲ್ಲೇ ಇರಲಿ ಸಿಸ್ಟರ್, ಇಲ್ಲಿಗೆ ತರಬೇಡಿ" ಎಂದುಬಿಟ್ಟರಂತೆ. ಇದನ್ನು ಹೇಳುವಾಗಲೂ ಆಕೆಯ ಮುಖದಲ್ಲಿ ಅಳುಕಿರಲಿಲ್ಲ. "ತತ್ತೀನಿ ಮೇಷ್ಟ್ರೇ, ನೋಡ್ತಾ ಇರಿ" ಎಂದಿದ್ದರು.

ಹಾಗೆ ತರಬೇಕಾದ ದಿನ ಬೇಗನೆ ಬಂತು. ಒಂದು ಬೆಳಿಗ್ಗೆ ಆಕೆ ಹೊಳೆನರಸೀಪುರದ ನಮ್ಮ ಮನೆಯ ಜಗಲಿಗೆ ಬಂದು ಕುಳಿತರು. ಅರಕಲಗೂಡು ಕಡೆಯ ರೈತರ ಮನೆಯ ಸೊಸೆಯೊಬ್ಬಳು, ಇನ್ನೂ ಚಿಕ್ಕ ಪ್ರಾಯದವಳು, ರಕ್ತಸ್ರಾವದಿಂದ ನರಳಿ ಅವರ ನರ್ಸಿಂಗ್ ಹೋಮಿಗೆ ಸೇರಿದ್ದಳು. ಗರ್ಭಕೋಶವನ್ನು ತೆಗೆಯುವುದೆಂದು ತೀರ್ಮಾನವಾಗಿತ್ತು. ಕೆಲವು ಕಾಲ ಮಾತ್ರೆಯಿಂದ ನೋಡಬಹುದೆಂದು ವೈದ್ಯರೇ ಒಮ್ಮೆ ಹೇಳಿದ್ದರೂ, ಆಲೂಗಡ್ಡೆ ಬಿತ್ತನೆಯ ಹೊತ್ತಿಗೆ ಸೊಸೆ ಎದ್ದು ಓಡಾಡುವಂತಾಗಲಿ ಎಂದು ಅತ್ತೆಗೆ ಅವಸರ. ಮನೆದೇವರು ಬಲಗಡೆ ಹೂ ಕೊಟ್ಟಿತ್ತು. ಬರುವ ಗುರುವಾರ ಆಪರೇಷನ್. ಸಿಸ್ಟರಮ್ಮ ಹಾಸಿಗೆ ಸರಿಮಾಡುವ ನೆಪದಲ್ಲಿ, "ನಿಂಗೆ ಒಪ್ಗೆ ಐತೇನವ್ವ?" ಎಂದು ಕೇಳಿದರೆ, ಆ ಹೆಣ್ಣು ಗೋಡೆಯ ಕಡೆ ತಿರುಗಿ, "ದ್ಯಾವ್ರೇ ಒಪ್ಪದ್ ಮ್ಯಾಲೆ ನಂದೇನೈತೆ" ಎಂದಿದ್ದಳು.

"ಅದು ಒಪ್ಗೆ ಅಲ್ಲ ಮೇಷ್ಟ್ರೇ. ಬಾಯಿಗೆ ಬೀಗ ಆಕಿರೋದು. ದೇವ್ರು ಅಂದ್ಮೇಲೆ ನಾನೇನ್ ಮಾತಾಡ್ಲಿ? ನೀವು ಶಾಸ್ತ್ರ ಓದಿರೋರು, ಒಂದು ದಾರಿ ಏಳಿ."

ದೈವದ ಅಪ್ಪಣೆಯನ್ನು ಹಗುರವಾಗಿ ಕಾಣುವ ಸಂಸ್ಕಾರ ನನ್ನದಲ್ಲ. ಆದರೆ ಯಾವ ಕರ್ಮಕ್ಕೂ ಮೊದಲು ಸಂಕಲ್ಪವೆಂಬುದುಂಟು; ಯಾರು, ಯಾವುದಕ್ಕಾಗಿ ಬೇಡುತ್ತಿದ್ದಾರೆ ಎಂಬುದನ್ನು ಅಲ್ಲಿ ಹೇಳಿಕೊಳ್ಳಲೇಬೇಕು. ಹೂ ಕೇಳಿದ್ದು ಯಾರ ಹೆಸರಿನಲ್ಲಿ ಎಂದು ವಿಚಾರಿಸಿದೆ.

"ಮನೆ ಯಜಮಾನ ಅಂತ ಅವ್ಳ ಗಂಡನ ಎಸ್ರಲ್ಲಿ."

"ಹಾಗಿದ್ದರೆ ದೇವರು ಉತ್ತರ ಕೊಟ್ಟಿರುವುದು ಆತನಿಗೆ."

ಸಿಸ್ಟರಮ್ಮ ಗಟ್ಟಿಯಾಗಿ ನಕ್ಕರು. "ಗರ್ಭಕೋಶ ಅವಂದಾ ಮೇಷ್ಟ್ರೇ?" ಎಂದವರೇ, ನಗು ನಿಲ್ಲಿಸಿ, "ಅಂಗಾದ್ರೆ ಆಯಮ್ಮನೇ ಬಂದು ಕೇಳ್ಕೋಬೇಕು. ನೀವೂ ಬರ್ಬೇಕು. ನರ್ಸ್ ಮಾತು ಆ ಅತ್ತೆ ಕಿವಿಗೆ ಓಗಾಕಿಲ್ಲ, ಜನಿವಾರದ ಮಾತು ಓಯ್ತದೆ" ಎಂದು ಎದ್ದು ನಿಂತರು. ನನಗೂ ನಗು ಬಂತು, ಒಪ್ಪಿಕೊಂಡೆ.

ಅತ್ತೆಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಒಂದ್ ಸತಿ ಕೊಟ್ಟಿರೋ ಊವ ಇನ್ನೊಂದ್ ಸತಿ ಕೇಳುದ್ರೆ ದ್ಯಾವ್ರು ಮುನಿಸ್ಕತ್ತದೆ ಕಣ್ ಬುದ್ದಿ" ಎಂದು ಆಕೆ ಪಟ್ಟು ಹಿಡಿದರು. ಕೇಳುವವರು ಬೇರೆಯಾದುದರಿಂದ ಇದು ಎರಡನೆಯ ಸಲವಲ್ಲ, ಸೊಸೆಯ ಪಾಲಿಗೆ ಮೊದಲನೆಯದೇ ಎಂದು ವಿನಯದಿಂದ ಅರಿಕೆ ಮಾಡಿದೆ. ಬಹಳ ಹೊತ್ತು ಎಲೆಯಡಿಕೆ ಅಗಿದು, "ಆಗ್ಲಿ, ಅದೇ ದ್ಯಾವ್ರು ತಾನೆ, ಅದ್ನೇ ಏಳ್ತದೆ" ಎಂದರು.

ಮನೆದೇವರ ಗುಡಿ ಚನ್ನರಾಯಪಟ್ಟಣದ ಆಚೆಗಿನ ಒಂದು ಹಳ್ಳಿಯಲ್ಲಿತ್ತು. ಸೊಸೆಯ ನಿತ್ರಾಣವನ್ನು ನೋಡಿ ಸಿಸ್ಟರಮ್ಮ ಬಾಡಿಗೆ ಕಾರನ್ನು ಗೊತ್ತುಮಾಡಿದ್ದರು. ಆಪರೇಷನ್ನಿನ ಹಿಂದಿನ ದಿನ ನಾವು ನಾಲ್ವರೂ ಅಲ್ಲಿಗೆ ತಲುಪಿದಾಗ ಅಭಿಷೇಕ ಮುಗಿದು ಗರ್ಭಗುಡಿಯ ನೆಲ ಇನ್ನೂ ಒದ್ದೆಯಾಗಿತ್ತು. ಮುಪ್ಪಿನ ಅರ್ಚಕರು ಹೂಗಳನ್ನು ನೀರಿನಲ್ಲಿ ಅದ್ದುತ್ತ, ಕೇಳಿಕೊಳ್ಳುವವರು ಯಾರು ಎಂದರು. ಅತ್ತೆ, "ನಮ್ ಸೊಸೆಗೆ ಸಾಮಿ, ಒಟ್ಟೆ..." ಎಂದು ಆರಂಭಿಸಿದ್ದರಷ್ಟೆ.

"ನೀನು ಸುಮ್ಕಿರು ತಾಯಿ. ಆಯಮ್ಮನೇ ಏಳ್ಲಿ. ಏನವ್ವ, ನಿನ್ ಮನ್ಸಲ್ಲಿ ಇರೋದ ಬಾಯ್ಬಿಟ್ಟು ಏಳು. ಏನಂತ ಕೇಳ್ಲಿ ನಾನು?" ಎಂದು ಅರ್ಚಕರು ತಡೆದರು.

ಸೊಸೆ ಕಂಬವನ್ನು ಹಿಡಿದು ನಿಂತಿದ್ದಳು. ಸಿಸ್ಟರಮ್ಮ ಬೇಕೆಂದೇ ನಾಲ್ಕು ಹೆಜ್ಜೆ ದೂರ ಸರಿದು ನಿಂತರು. ಆ ಹೆಣ್ಣಿನ ಕಣ್ಣು ತಮ್ಮ ಕಡೆ ತಿರುಗಿದಾಗಲೂ ಮುಖವನ್ನು ಬೇರೆಡೆ ಹೊರಳಿಸಿದರು. ಉತ್ತರ ತಮ್ಮ ಮುಖದಿಂದ ಆಕೆಗೆ ಸಿಗಬಾರದೆಂಬ ಎಚ್ಚರವದು.

"ನಂಗೆ ಈಗ್ಲೇ ಬ್ಯಾಡ ಸಾಮಿ" ಎಂದಳು, ಬಹಳ ಸಣ್ಣ ದನಿಯಲ್ಲಿ. "ಮಾತ್ರೆ ನುಂಗಿ ನೋಡ್ತೀನಿ. ಸತ್ತೋದ್ ಮಗೀನ ನೆಪ್ಪು ಓಗಿಲ್ಲ ನಂಗೆ. ಇನ್ನೊಂದ್ ಕಿತ ಮಡ್ಲು ತುಂಬ್ತದೇನೋ ಅಂತ ಆಸೆ ಐತೆ."

ಅತ್ತೆ ಸೊಸೆಯ ಕಡೆ ತಿರುಗಿದರು. "ಇದ್ನ ಮನೇಲೇ ಏಳ್ಬಾರ್ದಿತ್ತೇನೇ?"

"ಮನೇಲಿ ಯಾರ್ ಕೇಳುದ್ರು ಅತ್ತೆ?"

ಅರ್ಚಕರು ಕೈಯಲ್ಲಿದ್ದ ಹೂಗಳನ್ನು ಮೆಲ್ಲನೆ ತಟ್ಟೆಗೆ ಹಾಕಿದರು. "ಇನ್ ದೇವ್ರನ್ನ ಕೇಳಾದು ಏನೈತೆ? ಮಂಗಳಾರತಿ ತಕೊಳಿ" ಎಂದರು. ಅಷ್ಟು ಶ್ರದ್ಧೆಯ ಮಂಗಳಾರತಿಯನ್ನು ನಾನು ಮತ್ತೆ ಕಾಣಲಿಲ್ಲ. ಅತ್ತೆ ತಾವೇ ಸೊಸೆಯ ಹಣೆಗೆ ಕುಂಕುಮವಿಟ್ಟರು. ಇಟ್ಟ ಮೇಲೆಯೂ ಕೈ ತೆಗೆಯದೆ ಹಾಗೆಯೇ ನಿಂತಿದ್ದರು.

ಗುರುವಾರದ ಆಪರೇಷನ್ ನಿಂತುದಕ್ಕೆ ವೈದ್ಯರು ಕೆಂಡವಾದರು. ಕೆಲಸ ಹೋಗುವ ಮಾತೂ ಬಂತಂತೆ. ಸಿಸ್ಟರಮ್ಮ ಅಲುಗಲಿಲ್ಲ. "ತೆಗೀರಿ ಸಾ. ಆದ್ರೆ ಇರೋಗಂಟ ಕೇಳೇ ಕೇಳ್ತೀನಿ" ಎಂದರಂತೆ. ವೈದ್ಯರು ಕೆಟ್ಟವರಲ್ಲ; ಅವಸರದ ಮನುಷ್ಯ, ಅಷ್ಟೆ. ತಿಂಗಳುಗಳು ಕಳೆದ ಮೇಲೆ ಅವರೇ ಕೈತೊಳೆಯುತ್ತ, "ಸಿಸ್ಟರ್, ಕೇಳಿ ಆಯ್ತಾ?" ಎನ್ನುವ ರೂಢಿ ಬಂದಿತು.

ಪರೀಕ್ಷೆಯ ವಿಷಯದಲ್ಲಿ ದೈವ ಅಷ್ಟು ಸಲೀಸಾಗಿ ಒಲಿಯಲಿಲ್ಲ. ಪಾಶ್ಚಾತ್ಯ ಸಿದ್ಧಾಂತಗಳ ಪತ್ರಿಕೆಯಲ್ಲಿ ಸಿಸ್ಟರಮ್ಮ ನಪಾಸಾದರು. ಮರುವರ್ಷ ಮತ್ತೆ ಕಟ್ಟಿದರು. ಪಾಳಿಯ ನಡುವಿನ ಬಿಡುವಿನಲ್ಲಿ, ಬಸ್ಸಿನ ಸೀಟಿನಲ್ಲಿ, ಬೂವನಹಳ್ಳಿಯ ತಂಗಿಯ ಮನೆಯ ಹಿತ್ತಲಿನಲ್ಲಿ ಓದಿದರು. ಪಾಠ ತಿಳಿಯದಾಗ ನನ್ನೊಡನೆ ಜಗಳವಾಡಿ ತಿಳಿದುಕೊಂಡರು. ನಾನೂ ಅವರೊಡನೆ ಜಗಳವಾಡಿಯೇ ಎಷ್ಟನ್ನೋ ಕಲಿತೆ. ಎರಡನೆಯ ಸಲ ತೇರ್ಗಡೆಯಾದಾಗ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದು, "ನಾನೂ ಈಗ ಪಂಡಿತ್ಳೇ ಕಣಮ್ಮ" ಎಂದು ನನ್ನ ಮನೆಯವಳಿಗೆ ಹೇಳಿ ನಕ್ಕರು.

ಆ ಸೊಸೆಯ ಮಡಿಲು ತುಂಬಲಿಲ್ಲ. ಎರಡು ವರ್ಷ ಕಾದು, ಒಂದು ದಿನ ತಾನಾಗಿಯೇ ನರ್ಸಿಂಗ್ ಹೋಮಿಗೆ ಬಂದು, "ಸಾಕು ಸಿಸ್ಟರವ್ವ, ಈಗ ತೆಗೀರಿ" ಎಂದಳಂತೆ. ಅತ್ತೆ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಸಿಸ್ಟರಮ್ಮನ ಕಣ್ಣು ತುಂಬಿದ್ದನ್ನು ಕಂಡೆ. ದುಃಖವೋ, ಸಮಾಧಾನವೋ... ನಾನು ಕೇಳಲಿಲ್ಲ.

ಈಗ ಆಕೆ ಇಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲವು ವಾರಗಳಿದ್ದು, ಕೊನೆಗೆ ಅರಕಲಗೂಡಿನ ಸ್ವಂತ ಮನೆಯಲ್ಲಿ ಕಣ್ಣುಮುಚ್ಚಿದರು. ವೈಕುಂಠ ಸಮಾರಾಧನೆಗೆ ಹೋದಾಗ ಮನಸ್ಸಿನಲ್ಲಿ ಕೊರೆಯುತ್ತಿದ್ದ ಒಂದೇ ಪ್ರಶ್ನೆಯನ್ನು ಅವರ ಮಗಳ ಮುಂದಿಟ್ಟೆ: ಅಮ್ಮನನ್ನು ಯಾರಾದರೂ ಕೇಳಿದರೇ ತಾಯಿ?

ಆ ಮಗಳು ಅಳುವಿನ ನಡುವೆಯೇ ನಕ್ಕಳು. "ಕೇಳೋಕ್ ಎಲ್ಲಿ ಬಿಟ್ರು ಮೇಷ್ಟ್ರೇ! ಡಾಕ್ಟ್ರು ಇನ್ನೊಂದು ಆಪರೇಷನ್ ಅಂತ ನನ್ ಕಡೆ ತಿರುಗಿದ್ದೇ ತಡ, 'ಅವ್ಳನ್ನೇನ್ ಕೇಳ್ತೀರಾ, ನಾನಿಲ್ವಾ ಇಲ್ಲಿ' ಅಂತ ಮಂಚದ ಮೇಲಿಂದ್ಲೇ ಗದರ್ಬಿಟ್ರು. ನಂಗೆ ಸಾಕು, ಮನೆಗ್ ಕರ್ಕೊಂಡೋಗಿ ಅಂದ್ರು. ಕರ್ಕೊಂಡ್ ಬಂದ್ವಿ."

ಜಗಲಿಗೆ ಬಂದು ಕುಳಿತು ನನ್ನ ಶಾಸ್ತ್ರವನ್ನು ಕೆದಕುವವರು ಈಗ ಯಾರೂ ಇಲ್ಲ. ಆ ಕೊರತೆ ಕೊರತೆಯಾಗಿಯೇ ಉಳಿಯುವುದು. ಬಾಯಿಬಿಟ್ಟು ತನ್ನ ಮನಸ್ಸನ್ನು ಹೇಳಿದ ಆ ಸೊಸೆಗೂ, ಕೇಳಿ ಕರಗಿದ ಅತ್ತೆಗೂ, ಹೂವನ್ನು ಕೆಳಗಿಟ್ಟ ಅರ್ಚಕರಿಗೂ, ಕೇಳುವುದನ್ನು ಕಲಿತ ವೈದ್ಯರಿಗೂ, ಅಂದು ನಗದೆ ಪಾಠ ಹೇಳಿದ ಅಧ್ಯಾಪಕರಿಗೂ ಆಯುರಾರೋಗ್ಯಗಳು ಸಮೃದ್ಧಿಯಾಗಲಿ. ತನ್ನ ಮಾತನ್ನು ತಾನೇ ಆಡಿ ಹೊರಟ ಆ ಜೀವಕ್ಕೆ ಭಗವಂತನು ಸದ್ಗತಿಯನ್ನು ಕರುಣಿಸಲಿ.