ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದವರು

ಆ ವಾರದಲ್ಲಿ ಅತ್ತೆ ಅನ್ನ ಚೆಲ್ಲಿದ್ದು ಅದು ಮೂರನೆಯ ಸಲ. "ಮಡಿ ಕೆಟ್ಟದ. ಒಲಿ ಮುಂದ ಇಬ್ರು ಚಪ್ಪಲಿ ಮೆಟ್ಕೊಂಡು ನಿಂತಾರ," ಎಂದರು. ಅಡುಗೆಮನೆಯಲ್ಲಿ ಅವರ ಹೊರತು ಒಂದು ನರಪಿಳ್ಳೆಯೂ ಇರಲಿಲ್ಲ. ನಾನು ಬಾಗಿಲಾಚೆ ಊಟದ ಡಬ್ಬಿ ಹಿಡಿದು ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ದೇವರಿಗೆ ನೈವೇದ್ಯವಾಗದೆ ಯಾರಿಗೂ ತುತ್ತಿಲ್ಲ. ಎರಡನೇ ಸಲ ಅನ್ನವಾಗುವಷ್ಟರಲ್ಲಿ ಕಮಲಾಪುರದ ಬಸ್ಸು ಹೋಗಿರುತ್ತಿತ್ತು. ನಾನು ಅಲ್ಲಿನ ಶಾಲೆಯಲ್ಲಿ ಟೀಚರು. ತಡವಾದದ್ದಕ್ಕೆ ಹೆಡ್‌ಮಾಸ್ಟರಿಗೆ ಏನು ಹೇಳಲಿ? ಇಲ್ಲದ ಮಂದಿ ಬಂದು ಇದ್ದ ಅನ್ನ ಕೆಡಿಸಿದರು ಎಂದೇ?

ಇದು ಎಂಬತ್ತರ ದಶಕದ ಕೊನೆಯ ಮಾತು. ಅತ್ತೆಗೆ ಎಲ್ಲಿ ನೋಡಿದರಲ್ಲಿ ಮಂದಿ ಕಾಣುತ್ತಿದ್ದರು. ಜರತಾರಿ ಸೀರೆಯ ಹೆಂಗಸರು, ಪೇಟ ಸುತ್ತಿದ ಗಂಡಸರು, ಮೊಣಕಾಲುದ್ದದ ಮಕ್ಕಳು. ಒಬ್ಬರೂ ಮಾತಾಡುತ್ತಿರಲಿಲ್ಲ. ಬರುತ್ತಿದ್ದರು, ಕೂರುತ್ತಿದ್ದರು, ಹೋಗುತ್ತಿದ್ದರು.

ಮಾವ ಇದಕ್ಕೆ ಕಾರಣ ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ನಾನು ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲು, ಅವರೆಲ್ಲ ಕಮಲಾಪುರದಲ್ಲಿದ್ದಾಗ, ಎಂಟು ವರ್ಷದ ಮಗಳು ಜ್ವರದಿಂದ ತೀರಿಕೊಂಡಿದ್ದಳು. "ಅಕಿನ ಬಂದಾಳ, ಕೂಡ ಮಂದೀನೂ ಕರಕೊಂಡು ಬಂದಾಳ. ಶಾಂತಿ ಮಾಡಸ್ಬೇಕು," ಎಂದರು. ಅಲ್ಲಿಗೆ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಶಾಂತಿಯಾಗುವ ತನಕ ಅತ್ತೆ ನೈವೇದ್ಯದ ಅಡುಗೆ ಮುಟ್ಟಕೂಡದು, ಬುದ್ಧಿ ನೆಟ್ಟಗಿಲ್ಲದವರ ಕೈಯದು ದೇವರಿಗೆ ಸಲ್ಲುವುದಿಲ್ಲ ಎಂದುಬಿಟ್ಟರು.

ನಲವತ್ತು ವರ್ಷ ನೈವೇದ್ಯದ ಒಲೆಯ ಮುಂದೆ ಕಳೆದ ಹೆಂಗಸು ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ನಾನು ಮಾಡಿದ ಅನ್ನವನ್ನು ಎಲೆಯ ಮೇಲೆ ಕಲಸಿ ಹಾಗೇ ಬಿಡುತ್ತಿದ್ದರು. ವಾರ ಎರಡಾಗುವಷ್ಟರಲ್ಲಿ ಕೈಬಳೆ ಮೊಣಕೈವರೆಗೆ ಸರಿಯತೊಡಗಿತು. ನಾನೋ ನಸುಕಿಗೇ ಎದ್ದು ಮಡಿಯುಟ್ಟು ಅಡುಗೆ ಮಾಡಿ ಬಸ್ಸಿಗೆ ಓಡಬೇಕು. ಸಿಟ್ಟು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿದೆ. ಸಾಲದ್ದಕ್ಕೆ ಮಾವ, ಕಮಲಾಪುರದಲ್ಲಿ ಯಾರೋ ಮಂತ್ರಿಸಿ ಕೊಡುವ ಬೂದಿ ತಾ ಎಂದರು. ತಂದುಕೊಟ್ಟೆ. ಅತ್ತೆಯ ಹಣೆಗೆ ಹಚ್ಚಿದರು. ಮರುದಿನ ಅತ್ತೆಗೆ ಇಬ್ಬರಲ್ಲ, ಐವರು ಕಂಡರು.

ಒಂದು ಮಧ್ಯಾಹ್ನ ಅತ್ತೆ ಮಜ್ಜಿಗೆಯನ್ನು ಲೋಟದ ಪಕ್ಕದಲ್ಲಿ ನೆಲಕ್ಕೆ ಸುರಿಯುವುದನ್ನು ಕಂಡೆ. ಮಂದಿ ಕಾಣತೊಡಗಿ ನಾಲ್ಕು ತಿಂಗಳಾದರೂ ಅವರ ಕಣ್ಣು ಮಂದಾದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ! ಆಟೋ ಮಾಡಿ ನಮ್ಮೂರಿನ ಜಗತ್ ಸರ್ಕಲ್ ಹತ್ತಿರದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ವಯಸ್ಸಾದ ಸಾಹೇಬರು. ದೀಪ ಹಿಡಿದು ನೋಡಿ, "ಅವ್ರು ಮಾತಾಡ್ತಾರೇನ್ರೀ ಅಮ್ಮಾ?" ಎಂದು ಕೇಳಿದರು.

"ಇಲ್ರೀ."

"ಕಣ್ಣು ಮುಚ್ಚಿದ್ರ?"

"ಹೋಗಿಬಿಡ್ತಾರ."

ಡಾಕ್ಟರು ನನ್ನತ್ತ ತಿರುಗಿದರು. "ಇದು ಹುಚ್ಚಲ್ರೀ. ಕಣ್ಣಿನ ಹಿಂದಿನ ಪರದೆ ಸವದದ. ಹೊರಗಿಂದ ಬರೂ ಚಿತ್ರ ಕಡಿಮಿ ಆದ್ರ ದಿಮಾಗ್ ಖಾಲಿ ಕೂಡಂಗಿಲ್ಲ, ತಾನ ಚಿತ್ರ ಮಾಡ್ತದ. ಇದನ್ನ ವಾಪಸ್ ಮಾಡಾಕ ಆಗಂಗಿಲ್ಲ. ಬೆಳಕು ಜಾಸ್ತಿ ಇಡ್ರಿ, ಅಂಜಬ್ಯಾಡ್ರಿ."

ಮನೆಗೆ ಬಂದು ಮಾವನಿಗೆ ಹೇಳಿದೆ. "ಕಣ್ಣು ಮಂದಾದವರಿಗೆ ಕಡಿಮಿ ಕಾಣಬೇಕು. ಹೆಚ್ಚು ಹ್ಯಾಂಗ ಕಾಣ್ತದ?" ಎಂದು ಅವರು ನನ್ನನ್ನೇ ಪಾಠ ಒಪ್ಪಿಸದ ಹುಡುಗಿಯಂತೆ ನೋಡಿದರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೊನೆಗೆ ಬೇರೆ ದಾರಿ ಕಾಣದೆ ಅತ್ತೆಗೆ ಸುಳ್ಳು ಹೇಳಿಕೊಟ್ಟೆ. "ಮಾವ ಕೇಳಿದ್ರ ಯಾರೂ ಕಾಣಂಗಿಲ್ಲ ಅನ್ರಿ. ಅಷ್ಟ. ನಾಳಿಂದ ಒಲಿ ನಿಮ್ಮದು." ಅತ್ತೆ ತಲೆಯಾಡಿಸಿದರು.

ಭಾನುವಾರ ಬೆಳಿಗ್ಗೆ ಮಾವ ಚಾಪೆಯ ಮೇಲೆ ಕೂತು ಕೇಳಿಯೇಬಿಟ್ಟರು. "ಈಗ ಯಾರರ ಕಾಣ್ತಾರೇನು?"

"ಮೂರು ಮಂದಿ," ಎಂದರು ಅತ್ತೆ. "ನಿಮ್ಮ ಮಗ್ಗಲ ಒಬ್ಬಾಕಿ ಹಸಿರು ಸೀರಿ ಉಟ್ಕೊಂಡು ಕೂತಾಳ."

ನಾನು ಹಣೆ ಬಡಿದುಕೊಂಡೆ. ಮಾವ ಪಕ್ಕದ ಖಾಲಿ ಚಾಪೆಯನ್ನು ನೋಡಿದರು. "ಅಕಿ... ನಮ್ಮಾಕಿ ಬಂದಾಳೇನು?" ಎಂದರು. ಶಾಂತಿ ಮಾಡಿಸಿ ಓಡಿಸುತ್ತೇನೆ ಎಂದಿದ್ದ ಮನುಷ್ಯನ ದನಿಯಲ್ಲಿ ಆಸೆಯಿತ್ತು.

"ಇಲ್ರೀ. ಎಲ್ಲಾ ಗುರ್ತಿಲ್ಲದ ಮಂದಿ. ಬಂದವರದು ಒಬ್ಬೊಬ್ಬರ ಮಾರಿ ನೋಡ್ತೀನಿ. ಸಣ್ಣ ಹುಡುಗ್ಯಾರು ಬಂದ್ರ ಹತ್ತಿರ ಹೋಗಿ ನೋಡ್ತೀನಿ. ಅಕಿ ಒಂದಿನಾನೂ ಬಂದಿಲ್ಲ."

ನನಗೆ ನನ್ನ ಮೇಲೇ ನಾಚಿಕೆಯಾಯಿತು. ಇಷ್ಟು ದಿನ ಬಂದವರನ್ನೆಲ್ಲ ಬೈದಿದ್ದೆ, ಅತ್ತೆ ಅವರಲ್ಲಿ ಯಾರನ್ನು ಹುಡುಕುತ್ತಿದ್ದಾರೆಂದು ಕೇಳಿರಲಿಲ್ಲ. ಮಾವ ಅತ್ತೆಯತ್ತ ತಿರುಗಿದರು. ಆಮೇಲೆ, "ಹೋಗು, ಮಡಿ ಉಟ್ಕೋ. ಇವತ್ತ ನೈವೇದ್ಯ ನೀನ ಮಾಡು," ಎಂದರು.

ಅತ್ತೆ ಕಂಬ ಹಿಡಿದು ಎದ್ದರು. ಮಾವನ ಪಕ್ಕದಲ್ಲಿ ಕೂತವಳಿಗೆ ಕಾಲು ತಗಲದಂತೆ ಸುತ್ತು ಹಾಕಿ ಬಚ್ಚಲಿಗೆ ಹೋದರು.